ಬೆಕ್ಕಿಗೆ ಔಷಧ

ಇಲಕಲ್ಲ
೩ ನವೆಂಬರ ೧೯೧೧

ಬಾಗಲಕೋಟಿ ದವಾಖಾನಿಯ ಕಂಪೌಂಡರ ಪಂಢರೀನಾಥರಾಯರಿಗೆ, ನೇಕಾರ ಮುರ್ತುಜಸಾಬನ ಸಲಾಮು.

ನಮ್ಮ ಬೆಕ್ಕು ನಾಕು ದಿನದಿಂದ ಒಂದೇ ಸಮನ ಕಾರಿಕೊಳ್ಳಾಕತ್ತೈತ್ರಿ. ಹಾಲು ಮುಟ್ಟವಲ್ದು. ಮಗ್ಗದ ಕುಣಿಯಾಗ ಹೋಗಿ ಮಲಗತೈತಿ. ಏನು ಕುಡಸಬೇಕು, ತಿಳಿಸ್ರಿ.

ಮನ್ಯಾಗ ಇಲಿ ಸತ್ತು ಬಿದ್ರ ಅದು ಪ್ಲೇಗು, ಗೌಡರಿಗೆ ತಿಳಿಸಿ ಮನಿ ಬಿಡ್ರಿ ಅಂತ ಹೋದ ತಿಂಗಳ ನೀವು ಹೇಳಿದ್ರಿ. ನಮ್ಮ ಓಣ್ಯಾಗ ಆರು ಮನಿಯವರು ಹೊಲದಾಗ ಗುಡಸಲಾ ಹಾಕ್ಯಾರ. ನಮ್ಮಲ್ಲಿ ಒಂದೂ ಇಲಿ ಬಿದ್ದಿಲ್ಲ ಅಂತ ನಾ ಗೌಡರ ಮುಂದ ಆಣಿ ಮಾಡೇನಿ. ಅದು ಸುಳ್ಳಲ್ರಿ. ಬಿದ್ದದ್ದನ್ನ ನೆಲದ ಮ್ಯಾಲ ಇರಾಕ ಬೆಕ್ಕು ಬಿಡೂದಿಲ್ಲ. ಮುಂಜಾನೆ ನೋಡಿದ್ರ ಬರೇ ಬಾಲ ಇರತಾವ.

ಸಾವ್ಕಾರರ ಮನಿ ಮದವಿ ಸೀರಿ ಇನ್ನೂ ಮೂರು ಮೊಳ ನೇಯೂದೈತಿ. ನೆಲದಾಗ ಹುಗದ ಕುಣಿಮಗ್ಗ ಕಿತ್ತು ಹೊಲಕ್ಕ ಒಯ್ಯಾಕ ಬರೂದಿಲ್ಲ. ಅಲ್ಲೀತನಕ ಬೆಕ್ಕು ಬದುಕಬೇಕು.

ಬೆಕ್ಕು ಕಾರಿದ್ದನ್ನ ಮಗಳು ಜೋಹರಾ ಬಳದು ತಗೀತಾಳ. ನಿನ್ನೆಯಿಂದ ಆಕಿ ಮೈ ಬಿಸಿ ಐತಿ, ಬಗಲಾಗ ಗಂಟು ಆಗೇತಿ ಅಂತಾಳ. ನೀರಿನ ಕೊಡ ಹೊತ್ತು ನರ ಉಳುಕಿರಬೇಕು.

ನೀವು ಖುದ್ದ ಬರೂದು ಬ್ಯಾಡ್ರಿ. ಔಷಧ ಬೆಕ್ಕಿಗಷ್ಟ ಕಳಸ್ರಿ.

ಔಷಧದ ಹಾದಿ ಕಾಯುವ
ಮುರ್ತುಜಸಾಬ