ಎದೆಗವಚಿದ ದಪ್ಪ ಪುಸ್ತಕ

ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ನಾವಿಬ್ಬರೂ ಚೆನ್ನಾಗಿದ್ದೇವೆ, ನಿಮ್ಮ ಮನೆಯಲ್ಲೂ ಹಾಗೇ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬಲಗೈಗೆ ಕೆಲಸ ಕೊಡಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ನಿನ್ನ ಭಾವನ ಕೈಯಲ್ಲಿ ಬರೆಸೋಣವೆಂದರೆ, ಅವರ ಅಕ್ಷರದಲ್ಲಿ ನನ್ನ ಸಿಟ್ಟು ಸಪ್ಪೆಯಾಗಿಬಿಡುತ್ತದೆ.

ಗಾಬರಿಯಾಗಬೇಡ, ಕ್ಯಾನ್ಸರ್ ಮರಳಿಲ್ಲ. ಸ್ತನ ತೆಗೆದ ಮೇಲೆ ಆ ಜಾಗದಲ್ಲಿ ಉರಿ ಉಳಿದಿತ್ತಲ್ಲ, ಅದಕ್ಕೊಂದು ಆಪರೇಷನ್ ಆಯಿತು. ಉರಿ ಹೋಯಿತು!

ಆರು ವರ್ಷ ಎಷ್ಟು ಜನರ ಮುಂದೆ ಕೂತೆ! ನನ್ನ ನೆನಪು ನಿನಗೆ ಗೊತ್ತಲ್ಲ, ಒಂದು ಮಾತೂ ಸೋರಿಹೋಗಿಲ್ಲ. ಒಬ್ಬ ಡಾಕ್ಟರು, "ರಿಪೋರ್ಟೆಲ್ಲ ನಾರ್ಮಲ್ ಅಮ್ಮ, ನೋವು ನಿಮ್ಮ ಮನಸ್ಸಲ್ಲಿರೋದು" ಎಂದರು. ಇನ್ನೊಬ್ಬರು, "ತುಂಬಾ ಓದ್ತೀರಾ, ಅದಕ್ಕೇ" ಎಂದರು. ಓದಿದರೆ ಎದೆ ಉರಿಯುವುದಾದರೆ ಪ್ರೂಫ್ ತಿದ್ದುವ ನಮ್ಮ ಪ್ರೆಸ್ಸಿನವರೆಲ್ಲ ಎಂದೋ ಬೂದಿಯಾಗಬೇಕಿತ್ತು. ಇದನ್ನೇ ಪತ್ರಿಕೆಗೂ ಬರೆದೆ. ಸಂಪಾದಕರು ಈ ಸಾಲನ್ನೇ ಕತ್ತರಿಸಿ ಹಾಕಿದರು. ಅದು ಬೇರೆ ಜಗಳ.

ಬಸ್ಸಿನಲ್ಲಿ ಯಾರ ಮೊಣಕೈ ತಾಗೀತೋ ಎಂದು ವಿಶ್ವಕೋಶದ ಒಂದು ಸಂಪುಟವನ್ನು ಎದೆಗವಚಿಕೊಂಡೇ ಓಡಾಡುತ್ತಿದ್ದೆ. ಎಂದೋ ಓದಿ ಮುಗಿಸಿದ್ದು. ಈಗ ಬರೀ ಗುರಾಣಿ. ಕಂಡಕ್ಟರ್ ಮಾತ್ರ, "ಪ್ರೊಫೆಸರಮ್ಮಂಗೆ ಜಾಗ ಬಿಡ್ರಪ್ಪ" ಎಂದು ಕೂಗುತ್ತಿದ್ದ.

ಕೊನೆಗೆ ನರಗಳ ಆಪರೇಷನ್ ಮಾಡುವ ಡಾಕ್ಟರಮ್ಮ ಸಿಕ್ಕಳು. ನನಗೆ ಮಗಳಾಗುವ ವಯಸ್ಸು. ರಿಪೋರ್ಟುಗಳ ಚೀಲವನ್ನು ಪಕ್ಕಕ್ಕಿಟ್ಟು, "ಎಲ್ಲಿ ಅಂತ ನೀವೇ ತೋರಿಸಿ" ಎಂದಳು. ಪಕ್ಕೆಯ ಮೇಲೆ ಬೆರಳ ತುದಿಯಿಂದ ತಟ್ಟುತ್ತಾ ಬಂದು ಒಂದು ಕಡೆ ಬೆರಳು ನಿಲ್ಲಿಸಿದಳು. ನಾನು ಕಿರುಚಿದ್ದಕ್ಕೆ, ಹೊರಗಿದ್ದ ನಿನ್ನ ಭಾವ ಬಾಗಿಲು ತಳ್ಳಿಕೊಂಡು ಬಂದರು.

"ಏನಾಯ್ತೇ?"

"ಸಿಕ್ತು ಸಾರ್" ಎಂದು ಅವಳು ನಕ್ಕಳು.

ಹಿಂದಿನ ಆಪರೇಷನ್ನಿನಲ್ಲಿ ತುಂಡಾದ ನರದ ತುದಿ ಗಂಟುಕಟ್ಟಿ, ಗಾಯದ ಕಲೆಗೆ ಅಂಟಿಕೊಂಡಿತ್ತಂತೆ. ಖಾತ್ರಿ ಮಾಡಿಕೊಳ್ಳಲು ಅಲ್ಲಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು.

ಏನು ಹೇಳಲಿ! ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು: "ಅಮ್ಮ, ನಿಮ್ಮ ದಪ್ಪ ಪುಸ್ತಕ ಇಲ್ಲೇ ಬಿಟ್ಟು ಹೋಗಿದೀರಾ." ಗುರಾಣಿಯಿಲ್ಲದೆ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಬಂದಿದ್ದೆ, ಗೊತ್ತೇ ಆಗಿರಲಿಲ್ಲ. ಔಷಧದ ಪ್ರಭಾವ ಇಳಿದ ಮೇಲೆ ಉರಿ ಮರಳಿತು. ಈ ಸಲ ಅಳು ಬರಲಿಲ್ಲ. ಅದರ ವಿಳಾಸ ಸಿಕ್ಕಿತ್ತಲ್ಲ.

ಆಮೇಲೆ ಆಪರೇಷನ್ನಿನಲ್ಲಿ ಗಂಟು ತೆಗೆದು, ನರದ ತುದಿಯನ್ನು ಮಾಂಸಖಂಡದೊಳಗೆ ಹುದುಗಿಸಿದಳು. ಎಲ್ಲರಿಗೂ ಇಷ್ಟು ಗುಣವಾಗುವುದಿಲ್ಲ ಎಂದು ಮೊದಲೇ ಹೇಳಿದ್ದಳು, ನನಗೆ ಆಯಿತು. ಆ ಜಾಗ ಕೊಂಚ ಜೋಮು ಹಿಡಿದಂತಿದೆ, ಅಷ್ಟೇ. ನಿನ್ನೆ ಕಂಡಕ್ಟರ್ ನನ್ನ ಖಾಲಿ ಕೈ ನೋಡಿ, "ಪರೀಕ್ಷೆ ಮುಗೀತಾ ಪ್ರೊಫೆಸರಮ್ಮ?" ಎಂದ.

"ಪಾಸಾದೆ ಕಣಪ್ಪ" ಎಂದೆ.

ಮಕ್ಕಳ ತಲೆ ಸವರಿ, ದೊಡ್ಡಮ್ಮ ಹರಸಿದಳೆಂದು ಹೇಳು. ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ತಾ.ಕ.: ಕೇಳಿಸಿಕೊಂಡ ಮಾತುಗಳಲ್ಲಿ ಒಂದನ್ನು ಮೇಲೆ ಬರೆಯಲಿಲ್ಲ. ಹಿಂದಿನ ಸಲ ಹೊರಟಾಗ ನೀನು ಅಪ್ಪಿಕೊಳ್ಳಲು ಬಂದೆ. ನಾನು ಹಿಂದೆ ಸರಿದೆ. ಆಗ ನೀನು ಮೆಟ್ಟಿಲ ಮೇಲೆ ನಿಂತು ಅಂದೆ: "ಬದುಕಿದೀಯಲ್ಲ ಅಕ್ಕ, ಅಷ್ಟು ಸಾಲದಾ? ಇನ್ನೆಷ್ಟು ದಿನ ನೋವು ನೋವು ಅಂತೀಯಾ?" ಅಂದಿನಿಂದ ನಿನ್ನ ಮುಂದೆ ಆ ಮಾತೆತ್ತಿಲ್ಲ. ಡಾಕ್ಟರುಗಳ ಮೇಲೆ ಪತ್ರಿಕೆಗೆ ಬರೆದೆ. ನಿನ್ನ ಮೇಲೆ ಎಲ್ಲಿಗೆ ಬರೆಯಲಿ? ಬೇಗ ಬಾ. "ನೋವಿದೆಯಾ ಅಕ್ಕ?" ಅಂತ ಒಂದೇ ಒಂದು ಸಲ ಕೇಳು. ಇಲ್ಲ ಕಣೇ ಎಂದು ಹೇಳಿ, ನಾನೇ ಗಟ್ಟಿಯಾಗಿ ಅಪ್ಪಿಕೊಳ್ಳುತ್ತೇನೆ.