ಮುಕ್ತಕ್ಕನಿಗೆ ನಾನು ಕೊಟ್ಟ ಸಪ್ಪೆನೀರು

ಗಂಗೊಳ್ಳಿ ಮೇಲ್ದಂಡೆ,
ಫೆಬ್ರವರಿ ೩೦, ೨೨೧೪.

ಇನ್ನೂರು ವರ್ಷಗಳ ಹಿಂದೆ, ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡು ಬದುಕುತ್ತಿರುವ ಹಿರಿಯರಿಗೆ ನಮಸ್ಕಾರ.

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ನಗಬೇಡಿ. ನಮ್ಮ ಕಾಲದವರು ಪಂಚಾಂಗವನ್ನೂ ತಿದ್ದದೆ ಬಿಟ್ಟಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಸುಗಂಧಿ, ವೃತ್ತಿಯಲ್ಲಿ ಆರೈಕೆಗಾತಿ. ಅಂದರೆ ಆಪರೇಷನ್ ಆದವರ ಮನೆಯಲ್ಲೇ ನಲವತ್ತು ದಿನ ಉಳಿದು ಅವರನ್ನು ನೋಡಿಕೊಳ್ಳುವವಳು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ಮೆರೆಯುತ್ತಿದ್ದೆ.

ನಮ್ಮಲ್ಲಿ ಕರುಳು ಕೆಟ್ಟರೆ ಹೊಸದನ್ನು ಬೆಳೆಸಿ ಜೋಡಿಸುತ್ತಾರೆ. ಬೆಳೆಸುವ ಪಾತ್ರೆಗೆ ಕರುಳುತೊಟ್ಟಿಲು ಎನ್ನುತ್ತೇವೆ. ಹಾಗಾಗಿ ನಿಮ್ಮ ಇಲಿಯಾಸ್ಟಮಿಯನ್ನು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತಂದು ಚೀಲ ಅಂಟಿಸುವ ಆ ಉಪಾಯವನ್ನು, ಮರೆತು ಎರಡು ತಲೆಮಾರಾಯಿತು. ಕಳೆದ ವರ್ಷ ಮೀನುದೋಣಿ ನಡೆಸುವ ಮುಕ್ತಕ್ಕನಿಗೆ ಜೋಡಿಸಿದ ದೊಡ್ಡ ಕರುಳು ಹಿಡಿಯಲಿಲ್ಲ. ಇನ್ನೊಂದು ಬೆಳೆಯುವವರೆಗೆ, ಆರು ತಿಂಗಳ ಮಟ್ಟಿಗೆ, ಡಾಕ್ಟರು ಹಳೆಯ ಉಪಾಯವನ್ನೇ ಮಾಡಿದರು. ಮೊದಲ ವಾರ ಚೀಲದ ಅಂಚು ಸರಿಯಾಗಿ ಕೂರದೆ, ಸೋರಿ, ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪಾಯಿತು. ಅದನ್ನು ನಾನು ಗುಣಮಾಡಿದೆ. ನನ್ನ ಸೊಕ್ಕು ಇನ್ನೂ ಏರಿತು.

ನಮ್ಮ ಊರಿನ ಉಪ್ಪಿನ ವಿಷಯ ಹೇಳಬೇಕು. ನಿಮ್ಮ ಕಾಲದ ನಂತರ ಕಡಲು ನಮ್ಮ ಬಾವಿಗಳಿಗೆಲ್ಲ ನುಗ್ಗಿತು. ಉಪ್ಪುನೀರು ಕುಡಿದು ಅಜ್ಜ ಅಜ್ಜಿಯರು ಕಾಯಿಲೆ ಬಿದ್ದ ಕಥೆ ಕೇಳುತ್ತ ಬೆಳೆದವರು ನಾವು. ಆದ್ದರಿಂದ ರೋಗಿ ಇರುವ ಮನೆಯ ಉಪ್ಪಿನ ಮರಿಗೆಯನ್ನು ಪಕ್ಕದ ಮನೆಗೆ ದಾಟಿಸಿಬಿಡುತ್ತೇವೆ. ನೋಡಲು ಬರುವವರು ಯಂತ್ರದಲ್ಲಿ ಉಪ್ಪು ತೆಗೆದ ಸಪ್ಪೆನೀರನ್ನು ತಂಬಿಗೆಯಲ್ಲಿ ತರುತ್ತಾರೆ. ಉಪ್ಪು ಸಕ್ಕರೆ ಬೆರೆಸಿದ ನೀರನ್ನೇ ಕೊಡಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಓದಿದೆ. ಘಟ್ಟದ ಮೇಲಿನವರಿಗೆ ಕರಾವಳಿಯ ಸಂಕಟ ಏನು ಗೊತ್ತು ಎಂದುಕೊಂಡು ಮಡಚಿಟ್ಟೆ.

ಹನ್ನೊಂದನೇ ದಿನ ಚೀಲ ಬೇಗ ಬೇಗ ತುಂಬತೊಡಗಿತು. ದಿನಕ್ಕೆ ಮೂರು ಲೀಟರ್, ಬರೀ ನೀರಿನಂತೆ. “ಬಾಯಿ ಒಣ್ಗಿತ್ತ್ ಮಾರಾಯ್ತಿ, ಇನ್ನೊಂದ್ ಚೂರ್ ನೀರ್ ಕೊಡ್” ಎಂದಳು ಮುಕ್ತಕ್ಕ. ಸಪ್ಪೆನೀರು ಕೊಟ್ಟೆ. ಕೊಟ್ಟಷ್ಟೂ ಅವಳ ಮೈಯ ಉಪ್ಪನ್ನು ಎಳೆದುಕೊಂಡು ಚೀಲಕ್ಕೆ ಹೋಯಿತು. ಅವಳು ಮತ್ತೆ ಕೇಳಿದಳು, ನಾನು ಮತ್ತೆ ಕೊಟ್ಟೆ. ಹದಿಮೂರನೇ ದಿನ ಮೂತ್ರ ನಿಂತಿತು, ಕಾಲು ಸೆಟೆದುಕೊಂಡವು. ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು, ಮೂತ್ರಪಿಂಡಗಳು ಅರ್ಧಕ್ಕರ್ಧ ಹೋದವು. ಈಗ ಹೊಸ ಕರುಳು ಕೂಡಿಕೊಂಡಿದೆ, ಆದರೆ ದೋಣಿಗೆ ಹುಟ್ಟು ಹಾಕುವ ಶಕ್ತಿ ಅವಳಿಗಿಲ್ಲ. ದೋಣಿಯನ್ನು ತಂಗಿಗೆ ಬಿಟ್ಟುಕೊಟ್ಟಿದ್ದಾಳೆ.

ಆಸ್ಪತ್ರೆಗೆ ಕೊಟ್ಟ ವರದಿಯಲ್ಲಿ ನಾನು ‘ಮೂತ್ರಪಿಂಡ ಮೊದಲೇ ದುರ್ಬಲವಿದ್ದಿರಬಹುದು’ ಎಂದು ಬರೆದೆ. ಅದು ಸುಳ್ಳು. ಮುಕ್ತಕ್ಕನೋ, “ಸುಗಂಧಿ ಆ ನೀರ್ ಕೊಡ್ದಿದ್ರೆ ನಾ ಅವತ್ತೇ ಹೋತಿದ್ದೆ” ಎಂದು ಸಿಕ್ಕವರಿಗೆಲ್ಲ ಹೇಳುತ್ತಾಳೆ. ತಂಗಿಯ ಬಲೆಗೆ ಒಳ್ಳೆಯ ಮೀನು ಬಿದ್ದ ದಿನ ನನಗೂ ಪಾಲು ಕಳಿಸುತ್ತಾಳೆ. ಅದನ್ನು ಪಕ್ಕದ ಮನೆಗೆ ದಾಟಿಸಿಬಿಡುತ್ತೇನೆ.

ನಿಮ್ಮಲ್ಲಿ ಒಂದು ಬೇಡಿಕೆ. ಚೀಲಕ್ಕೆ ಎಷ್ಟು ಹೋಯಿತು, ಏನು ಕುಡಿದಾಗ ಹತೋಟಿಗೆ ಬಂತು, ಯಾವಾಗ ತಲೆ ಸುತ್ತಿತು ಎಂಬುದನ್ನೆಲ್ಲ ಸಂಕೋಚಪಡದೆ ಬರೆದಿಡಿ. ಡಾಕ್ಟರ ಭಾಷೆ ಬೇಡ, ಮನೆಮಾತಿನಲ್ಲಿ ಬರೆಯಿರಿ. ಡಾಕ್ಟರನ್ನು ನಂಬದ ನನ್ನಂಥವಳು ಅನುಭವಿಸಿದವರ ಮಾತನ್ನಾದರೂ ನಂಬಿಯಾಳು. ಹೀಗೆಂದು ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ತಪ್ಪು ನನ್ನದು.

ಈ ಕಾಗದ ನಿಮಗೆ ಮುಟ್ಟುವುದೋ ಇಲ್ಲವೋ, ತಿಳಿಯದು. ದೂರದವರ ಮುಂದೆ ಒಪ್ಪಿಕೊಳ್ಳುವುದು ಸುಲಭ, ಅಷ್ಟಕ್ಕೇ ನಿಲ್ಲಿಸಬಾರದು ಎನ್ನಿಸಿತು. ಹಾಗಾಗಿ ಇದರ ಮೊದಲ ಪುಟಗಳನ್ನು ಮುಕ್ತಕ್ಕನ ಕೈಗೇ ಕೊಟ್ಟಿದ್ದೇನೆ. ಎದುರಿನ ಜಗಲಿಯಲ್ಲಿ ಕೂತು ಓದುತ್ತಿದ್ದಾಳೆ. ಇಷ್ಟು ಹೊತ್ತು ನಡುನಡುವೆ ನನ್ನತ್ತ ನೋಡಿ ನಗುತ್ತಿದ್ದಳು. ಈಗ ಉಪ್ಪಿನ ವಿಷಯ ಬರೆದ ಪುಟಕ್ಕೆ ಬಂದಿದ್ದಾಳೆ. ತಲೆ ಎತ್ತುತ್ತಿಲ್ಲ.

ಇಂತಿ,
ಸುಗಂಧಿ