ಡ್ಯಾಶ್‌ಬೋರ್ಡಿನ ಹೋಲ್ಡರ್ ಕಿತ್ತ ದಿನ

ಸಂಜೀವಕುಮಾರ,

ಈ ಪತ್ರ ಕಳಿಸುವುದಿಲ್ಲ. ಅದಕ್ಕೇ ಗಂಡನೆಂದು ನೋಡದೆ ಏಕವಚನದಲ್ಲಿ ಬರೆಯುತ್ತಿದ್ದೇನೆ.

ನೀನು ಬಿಟ್ಟುಹೋದ ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಮೊಬೈಲ್ ಹೋಲ್ಡರನ್ನು ಇವತ್ತು ಕಿತ್ತುಹಾಕಿದೆ. ಅವತ್ತು ಹಳಿಯಾಳದ ದಾರಿಯಲ್ಲಿ, ಅದರಲ್ಲಿದ್ದ ನಿನ್ನ ಫೋನಿಗೆ ‘ಟೈರ್ ಅಂಗಡಿ’ ಎಂಬ ಹೆಸರಿನಿಂದ ಕರೆ ಬಂತು. ನಾನೇ ಎತ್ತಿದೆ. ಒಬ್ಬ ಹೆಂಗಸು “ಊಟ ಆತೇನ್ರಿ?” ಎಂದಳು. ಮರುವಾರವೇ ನೀನು ಅವಳ ಮನೆ ಸೇರಿದೆ.

ಹೋಲ್ಡರ್ ಎಷ್ಟು ಜಗ್ಗಿದರೂ ಬರಲಿಲ್ಲ. ನಿನ್ನ ಅವ್ವ ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. “ಹಂಗ ಜಗ್ಗಬ್ಯಾಡ ನಿರ್ಮಲಾ, ತಡಿ,” ಎಂದು ಬಿಸಿನೀರಲ್ಲಿ ಅದ್ದಿದ ಬಟ್ಟೆ ತಂದು ಒತ್ತಿ ಹಿಡಿದರು. ಅಂಟು ಮೆತ್ತಗಾದ ಮೇಲೆ ಅದರ ಕೆಳಗೆ ದಾರ ತೂರಿಸಿ ಇಬ್ಬರೂ ಎಳೆದೆವು. ಕಿತ್ತುಬಂದದ್ದನ್ನು ಅವರೇ ಕಸದ ಬುಟ್ಟಿಗೆ ಒಗೆದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಮೇಲೆ “ಉಳವಿಗೆ ಹೋಗೂಣು ನಡಿ,” ಎಂದು ಮುಂದಿನ ಸೀಟಿನಲ್ಲಿ ಕೂತರು. ನಾನೇ ಕಾರು ಓಡಿಸಿದೆ. ಗುಡಿಯಲ್ಲಿ ಪೂಜಾರಿ ಪೂಜೆಗೆಂದು ನಮ್ಮ ಮನೆಯವರ ಹೆಸರು ಕೇಳಿದರು. ನಿನ್ನ ಅವ್ವ ನನ್ನ ಹೆಸರು ಹೇಳಿದರು, ನಮ್ಮ ಮಗಳ ಹೆಸರು ಹೇಳಿದರು.

“ಮತ್ತ ಯಾರ್ರೀ?” ಎಂದರು ಪೂಜಾರಿ.

“ಇಷ್ಟ ಮಂದಿ ರೀ.”

ನಿನ್ನ ಹೆಸರು ನನ್ನ ನಾಲಿಗೆಯ ತನಕ ಬಂದಿತ್ತು. ನಾನೂ ಹೇಳಲಿಲ್ಲ.